ಶಂಕರಪುರದಿಂದ ಆಕ್ಲೆಂಡಿಗೆ ಎಷ್ಟು ಹೊತ್ತು

ಶಂಕರಪುರ, ಕಾಪು
6 ಜನವರಿ 2025

ಕುಶಲಾ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಬಿಟ್ಟಿದ್ದೇನೆ. ಕೋಪ ಇಳಿದ ಮೇಲೆ ಸೇರಿಸುತ್ತೇನೆ. ಅಲ್ಲಿಯವರೆಗೆ ಬರೀ ಹೆಸರೇ ನಿನಗೆ ಸಾಕು.

ಇನ್ನು ನಾವಿಬ್ಬರೂ ಫೋನಿನಲ್ಲಿ ಮಾತಾಡುವುದು ಬೇಡ. ಕ್ರಿಸ್ಮಸ್ಸಿನ ಮರುದಿನ ಆದದ್ದು ಸಾಕು. ನನ್ನ ಬೊಬ್ಬೆ ಕೇಳಿ ಹೂವು ಕೊಂಡುಹೋಗಲು ಬಂದ ಏಜೆಂಟು ಗೇಟಿನಲ್ಲೇ ನಿಂತುಬಿಟ್ಟ. ಫೋನಿನಲ್ಲಿ ನಮ್ಮದು ತುಳು, ತುಳುವಿನಲ್ಲಿ ನನಗೆ ಬಯ್ಯುವುದು ಸಲೀಸು. ಕನ್ನಡ ಹಾಗಲ್ಲ. ಟೀಚರ ಎದುರು ಕೈಕಟ್ಟಿ ನಿಂತು ಕಲಿತ ಭಾಷೆ, ಬರೆಯಲು ಕೂತರೆ ಮರ್ಯಾದೆ ತಾನಾಗಿ ಬರುತ್ತದೆ. ಆದ್ದರಿಂದ ಪತ್ರ.

ನನ್ನ ಮಗಳು ಕ್ಯಾರೆನ್ ನಿನ್ನ ಮಗ ಕೀರ್ತನ್‌ನನ್ನು ಮೇ ಹತ್ತಕ್ಕೆ ಆಕ್ಲೆಂಡಿನಲ್ಲಿ ಮದುವೆಯಾಗುತ್ತಾಳೆ. ಹುಡುಗನ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಅಂಗಳದಲ್ಲಿ ಚಡ್ಡಿ ಜಾರಿಸಿಕೊಂಡು ಓಡಾಡಿದವ, ನನ್ನ ಕೈಯ ಸಾನ್ನ ತಿಂದು ಬೆಳೆದವ. ಇಬ್ಬರೂ ಮಣಿಪಾಲದಲ್ಲಿ ಓದಿದವರು, ಅವನು ಹೋಟೆಲಿನ ಅಡಿಗೆ, ಇವಳು ನರ್ಸಿಂಗ್. ಎರಡು ಧರ್ಮದ ಮದುವೆಗೆ ಇಗರ್ಜಿಯ ಒಪ್ಪಿಗೆ ಬೇಕಲ್ಲ, ಆ ಮಾತನ್ನು ನಮ್ಮ ಯಜಮಾನರು ಬೆಂಜಮಿನ್ ಹೋಗಿ ಫಾದರ್ ಹತ್ತಿರ ಮುಗಿಸಿ ಬಂದಿದ್ದಾರೆ. ಅದೂ ಸರಿ.

ತಕರಾರು ಇರುವುದು ನಿನ್ನ ಮೇಲೆ. ಮಗ ಹೋಟೆಲಿನ ಅಡಿಗೆಮನೆಯಲ್ಲಿ ಜಾರಿ ಕಾಲು ಮುರಿದುಕೊಂಡ ಎಂದು ಅಕ್ಟೋಬರಿನಲ್ಲಿ ಓಡಿದವಳು ನೀನು. ನನ್ನ ಮಗಳು ಡ್ಯೂಟಿ ಮುಗಿಸಿ ದಿನಾ ಸಂಜೆ ಅವನನ್ನು ನೋಡಲು ಬರುತ್ತಿದ್ದದ್ದು ನಿನ್ನ ಕಣ್ಣೆದುರಿಗೆ. ಮೂವತ್ತು ವರ್ಷ ನನ್ನ ಜಗಲಿಯಲ್ಲಿ ಪಕ್ಕದಲ್ಲಿ ಕೂತು ಮಲ್ಲಿಗೆ ಕಟ್ಟಿದವಳು, ಯಾರ ಮನೆಯ ಬೆಕ್ಕು ಮರಿ ಹಾಕಿದರೂ ನನಗೆ ಹೇಳಿದವಳು, ಇದೊಂದನ್ನು ಯಾಕೆ ನುಂಗಿಕೊಂಡು ಕೂತೆ? ಕ್ರಿಸ್ಮಸ್ ದಿನ ಮಗಳೇ ಹೇಳಿದ ಮೇಲೆ ನನಗೆ ಗೊತ್ತಾಯಿತು. ಕೇಳಿದರೆ ನೀನು ಹೇಳಿದ್ದೆಂತ? “ಮಕ್ಕಳು ಒಪ್ಪಿ ಆಯ್ತಲ್ಲ, ಇನ್ನು ನೀನು ಬಂದರೂ ಬಾರದಿದ್ದರೂ ಮದುವೆ ಉಂಟು.”

ಹಾಗಾದರೆ ನಾನು ಬರುವುದಿಲ್ಲ. ಬೆಂಜಮಿನ್ ಬರುತ್ತಾರೆ, ಅವರ ಸೂಟ್‌ಕೇಸ್ ಈಗಲೇ ಚಾವಡಿಯಲ್ಲಿ ಉಂಟು, ಎಡವಿ ಎಡವಿ ನನ್ನ ಹೆಬ್ಬೆರಳು ಬಾತಿದೆ. ಆದರೆ ನನ್ನ ಹೂವು ಬರುತ್ತದೆ. ನಮ್ಮ ಗಿಡದ ಮಲ್ಲಿಗೆ ಮುಡಿಯದೆ ನನ್ನ ಮಗಳು ಮದುಮಗಳಾಗುವುದನ್ನು ನಾನು ಫೋಟೋದಲ್ಲೂ ನೋಡಲಾರೆ. ನಾಲ್ಕು ಚೆಂಡು ಸೇರಿ ಒಂದು ಅಟ್ಟೆ, ಅಂಥ ಎರಡು ಅಟ್ಟೆ ಬಾಳೆಎಲೆಯಲ್ಲಿ ಸುತ್ತಿ ಅವರ ಕೈಯಲ್ಲಿ ಕೊಡುತ್ತೇನೆ. ಬೆಳಿಗ್ಗೆ ಇಲ್ಲಿ ಕೊಯ್ದ ಮೊಗ್ಗು ಸಂಜೆ ದುಬೈಯಲ್ಲಿ ಅರಳುತ್ತದೆ. ಆಕ್ಲೆಂಡಿನಲ್ಲಿ ಯಾಕೆ ಆಗಬಾರದು? ಬಜ್ಪೆ ಏರ್‌ಪೋರ್ಟಿನಿಂದ ಅಲ್ಲಿಗೆ ಎಷ್ಟು ದೂರ, ಎಷ್ಟು ಗಂಟೆ, ಅದನ್ನೂ ಬರೆ.

ನಿನ್ನ ಮನೆಗೆ ದಿನಾ ಸಂಜೆ ದೀಪ ಹಾಕುತ್ತಿದ್ದೇನೆ, ಅದು ಕೋಪಕ್ಕೆ ಸಂಬಂಧಪಟ್ಟದ್ದಲ್ಲ.

ಸೆಲೀನ್

*

ಆಕ್ಲೆಂಡ್
25 ಜನವರಿ 2025

ಪ್ರೀತಿಯ ಸೆಲೀನ್,

ನೀನು ಬಿಟ್ಟೆಯೆಂದು ನಾನೂ ಬಿಡಬೇಕೆಂದೇನಿಲ್ಲ.

ನಿನ್ನ ಪತ್ರಕ್ಕೆ ಇಲ್ಲಿಗೆ ತಲಪಲು ಎರಡೂವರೆ ವಾರ ಹಿಡಿಯಿತು. ಅಷ್ಟರಲ್ಲಿ ನೀನು ಹತ್ತು ಸಲ ಬಂದು ಹೋಗಬಹುದಿತ್ತು. ಕಾಲಿಗೆ ಪಟ್ಟಿ ಕಟ್ಟಿಕೊಂಡ ನನ್ನ ಮಗ ಅದನ್ನು ಬಾಗಿಲಿನಿಂದ ಎತ್ತಿಕೊಂಡು ಬಂದು, “ಅಮ್ಮ, ಬಾಯಮ್ಮನ ಅಕ್ಷರ!” ಎಂದು ಹೆದರಿಕೆಯಿಂದ ಕೈಗೆ ಕೊಟ್ಟ. ಭಾವೀ ಅತ್ತೆಗೆ ಈಗಿನಿಂದಲೇ ಇಷ್ಟು ಹೆದರುತ್ತಾನೆ, ನಿನಗೆ ಸಂತೋಷವಾಗಬೇಕು.

ದೂರ ಕೇಳಿದ್ದೀಯಲ್ಲ. ಗೆರೆ ಎಳೆದ ಹಾಗೆ ಹಾರಿದರೆ ಹನ್ನೆರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಆದರೆ ಗೆರೆ ಎಳೆದ ಹಾಗೆ ಯಾವ ವಿಮಾನವೂ ಹೋಗುವುದಿಲ್ಲ. ಕಾರ್ಕಳದ ಬಸ್ಸು ಬೆಳ್ಮಣ್ಣಿನಲ್ಲಿ ನಿಂತೇ ಹೋಗುವ ಹಾಗೆ ಇದೂ ಬೆಂಗಳೂರಿನಲ್ಲಿ ಒಮ್ಮೆ, ಸಿಂಗಾಪುರದಲ್ಲಿ ಒಮ್ಮೆ ಇಳಿಸಿ ಹತ್ತಿಸುತ್ತದೆ. ಕ್ಯಾರೆನ್ ನಿಮ್ಮ ಪೊರ್ಬುಗಳು ಬೆಂಜಮಿನ್‌ರಿಗೆ ನೋಡಿಟ್ಟ ಟಿಕೆಟು ನನ್ನ ಎದುರಿಗೆ ಉಂಟು. ಮಂಗಳವಾರ ಸಂಜೆ ನಾಲ್ಕಕ್ಕೆ ಬಜ್ಪೆ ಬಿಟ್ಟರೆ ಬುಧವಾರ ರಾತ್ರಿ ಹನ್ನೊಂದಕ್ಕೆ ಇಲ್ಲಿ. ಮೂವತ್ತೊಂದು ಗಂಟೆ, ಮಾರಾಯ್ತಿ. ಯಾವ ಮೊಗ್ಗು ಕಾಯುತ್ತದೆ?

ಕಾದರೂ ಪ್ರಯೋಜನವಿಲ್ಲ. ಈ ದೇಶದವರು ಹೊರಗಿನ ಒಂದು ಎಲೆಯನ್ನೂ ಒಳಗೆ ಬಿಡುವುದಿಲ್ಲ. ವಿಮಾನ ಇಳಿದ ಕೂಡಲೆ ನಾಯಿ ಬಂದು ಎಲ್ಲರ ಚೀಲ ಮೂಸುತ್ತದೆ. ನಾನು ಬರುವಾಗ ಕೈಚೀಲದಲ್ಲಿ ಮರೆತು ಒಂದು ಕರಿಬೇವಿನ ಕಡ್ಡಿ ಉಳಿದಿತ್ತು. ನಾಯಿ ನನ್ನ ಎದುರು ಬಂದು ಚಕ್ಕಳಮಕ್ಕಳ ಹಾಕಿದವರಂತೆ ಕೂತಿತು. ನನ್ನನ್ನು ಬದಿಗೆ ಕರೆದು, ಇಡೀ ಚೀಲ ಸುರಿದು, ಆ ಕಡ್ಡಿಯನ್ನು ಚಿಮಟದಲ್ಲಿ ಹಿಡಿದು ಡಬ್ಬಕ್ಕೆ ಹಾಕಿದರು. ನನ್ನ ಮಾನ ಹೋಯಿತು. ನಿನ್ನ ಎರಡು ಅಟ್ಟೆ ತಂದರೆ ಬೆಂಜಮಿನ್‌ರನ್ನೇ ಡಬ್ಬಕ್ಕೆ ಹಾಕುತ್ತಾರೆ.

ಹೂವಿನ ಆಸೆ ಬಿಡು. ನೀನು ಬಾ. ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ಧಾರೆ ಎಂದು ಮಕ್ಕಳು ಗೊತ್ತುಮಾಡಿದ್ದಾರೆ. ಹಿಂದಿನ ಸಂಜೆ ನಿಮ್ಮ ಕ್ರಮದಂತೆ ರೋಸ್. ಹುಡುಗಿಯ ತಲೆಗೆ ತೆಂಗಿನ ಹಾಲು ಹಚ್ಚಲು ತಾಯಿ ಬೇಡವಾ? ಧಾರೆಯ ನೀರು ಎರೆಯುವಾಗ ನಿನ್ನ ಕೈ ಬೇಡವಾ?

ನೀನು ಕೇಳಿದ ಇನ್ನೊಂದು ವಿಷಯ ಪತ್ರದಲ್ಲಿ ಬರೆಯುವಂಥದ್ದಲ್ಲ. ಮುಖಾಮುಖಿ ಆದಾಗ ಹೇಳುತ್ತೇನೆ.

ನಿನ್ನ
ಕುಶಲಾ

*

ಶಂಕರಪುರ
14 ಫೆಬ್ರವರಿ 2025

ಕುಶಲಾ,

ನಾಯಿಯ ಬಗ್ಗೆ ಅರ್ಧ ಪುಟ ಬರೆದಿದ್ದೀ. ನಾನು ಕೇಳಿದ್ದಕ್ಕೆ ಎರಡು ಸಾಲು. ಆ ಎರಡು ಸಾಲಿನಲ್ಲೂ ಉತ್ತರವಿಲ್ಲ.

ಮೊದಲು ಲೆಕ್ಕ ಸರಿಮಾಡುವ. ಮೂವತ್ತೊಂದು ಗಂಟೆ ಎಂದು ನನ್ನನ್ನು ಹೆದರಿಸಿದ್ದೀ. ಬೆಂಜಮಿನ್ ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಇದ್ದವರು, ಟಿಕೆಟಿನ ಗಡಿಯಾರವನ್ನು ನಂಬುವವರಲ್ಲ. ನಿಮ್ಮ ಊರಿನಲ್ಲಿ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ ಇರುತ್ತದಂತೆ ಆ ತಿಂಗಳಲ್ಲಿ. ಹೊರಡುವ ಹೊತ್ತು ನಮ್ಮದು, ಇಳಿಯುವ ಹೊತ್ತು ನಿಮ್ಮದು. ನೀನು ಎರಡನ್ನೂ ಒಂದೇ ಗಡಿಯಾರ ಎಂದು ಎಣಿಸಿದ್ದೀ. ನಿಜವಾಗಿ ದಾರಿ ಇಪ್ಪತ್ತನಾಲ್ಕೂವರೆ ಗಂಟೆ, ಅಷ್ಟೇ. ಮೊಗ್ಗಿಗೆ ಆಕ್ಲೆಂಡಿನ ಗಡಿಯಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಿಡದಿಂದ ಕಿತ್ತು ಎಷ್ಟು ಹೊತ್ತಾಯಿತು ಎಂಬುದು ಮಾತ್ರ. ಒಂದು ಹಗಲು ಒಂದು ರಾತ್ರಿ ನನ್ನ ಮೊಗ್ಗು ಸಲೀಸಾಗಿ ತಾಳುತ್ತದೆ.

ಲೆಕ್ಕದಲ್ಲಿ ಗೆದ್ದೆನೆಂದು ಸಂತೋಷಪಟ್ಟು, ಆಮೇಲೆ ನಾಯಿಯ ನೆನಪಾಗಿ ಮತ್ತೆ ಸೋತೆ. ಆ ನಾಯಿಗೆ ಮಲ್ಲಿಗೆಯ ಮೇಲೆ ಎಂತ ಸಿಟ್ಟೋ.

ಈಗ ಹೂವಿನ ಸಮಯ ಸುರುವಾಗಿದೆ, ಗಿಡದಲ್ಲಿ ಎಲೆಗಿಂತ ಮೊಗ್ಗು ಹೆಚ್ಚು. ಒಬ್ಬಳೇ ಕಟ್ಟುತ್ತೇನೆ. ಬೆಂಜಮಿನ್ ಸಹಾಯಕ್ಕೆ ಕೂತರು, ಅವರು ಕಟ್ಟಿದ್ದನ್ನು ಏಜೆಂಟು ನೋಡಿ, “ಇದು ಎಂತ ಬಾಯಮ್ಮ, ಬೇಲಿಯಾ?” ಎಂದ. ನೀನು ಕೂರುತ್ತಿದ್ದ ಕಂಬದ ಬದಿಯಲ್ಲಿ ಈಗ ಬುಟ್ಟಿ ಇಡುತ್ತೇನೆ. ಬುಟ್ಟಿಯ ಹತ್ತಿರ ಸುದ್ದಿ ಹೇಳಿ ಎಂತ ಪ್ರಯೋಜನ? ನನಗೆ ಬೇಸರವಾಗುತ್ತದೆ ಕುಶಲಾ. ಹೇಳಬಾರದೆಂದಿದ್ದೆ, ಬರೆದುಹೋಯಿತು.

ಒಂದೇ ಪ್ರಶ್ನೆ. ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರ ಬಾರದೆ ನಾನು ಬಜ್ಪೆಯ ಗುಡ್ಡ ಹತ್ತುವುದಿಲ್ಲ.

ಸೆಲೀನ್

(ಕುಶಲಾ ಬಾಯಿಯವರಿಗೆ, ಲಕೋಟೆ ಅಂಟಿಸುವ ಕೆಲಸ ನನ್ನದು, ಆದ್ದರಿಂದ ಎರಡು ಸಾಲು. ವೀಸಾದ ಅರ್ಜಿ ಇಬ್ಬರಿಗೂ ಹಾಕಿದ್ದೇನೆ. ಫೋಟೋ ತೆಗೆಸಲು ಉಡುಪಿಗೆ ಕರೆದರೆ ಹೊಸ ಸೀರೆ ಉಟ್ಟು ಬಂದಳು. “ಸಹಿ ಹಾಕಿದರೆ ಹೋಗಬೇಕೆಂದು ಕಾನೂನು ಉಂಟಾ?” ಎಂದು ಹೇಳಿ ಸಹಿಯನ್ನೂ ಹಾಕಿದಳು. ಉತ್ತರ ಬೇಗ ಬರೆಯಿರಿ, ನನಗೂ ಮಗಳ ಮದುವೆ ಒಂದೇ ಇರುವುದು. – ಬೆಂಜಮಿನ್)

*

ಆಕ್ಲೆಂಡ್
5 ಮಾರ್ಚ್ 2025

ಪ್ರೀತಿಯ ಸೆಲೀನ್,

ನನ್ನ ಮೂವತ್ತೊಂದು ಗಂಟೆಯನ್ನು ಕೀರ್ತನ್‌ಗೆ ತೋರಿಸಿದೆ. ಬಾಯಮ್ಮ ಹೇಳಿದ್ದೇ ಸರಿ ಎಂದ. ಅವನು ಈಗ ಯಾವುದಕ್ಕೂ ಬಾಯಮ್ಮ ಹೇಳಿದ್ದೇ ಸರಿ ಎನ್ನುತ್ತಾನೆ.

ಸರಿ, ಬರೆಯುತ್ತೇನೆ. ನವೆಂಬರಿನಲ್ಲಿ ಒಂದು ಸಂಜೆ ಕ್ಯಾರೆನ್ ಗಂಜಿ ಮಾಡಿ ತಂದಿದ್ದಳು. ಇಲ್ಲಿ ಕುಚ್ಚಲಕ್ಕಿ ಎಲ್ಲಿ ಹುಡುಕಿದಳೋ ಗೊತ್ತಿಲ್ಲ. ಇವನು ದೊಡ್ಡ ಹೋಟೆಲಿನಲ್ಲಿ ಮೀನಿನ ಮೇಲೆ ಸೊಪ್ಪು ಇಟ್ಟು ಚಿತ್ರ ಬಿಡಿಸುವವ, ಆ ಗಂಜಿ ಉಂಡು ತಟ್ಟೆ ನೋಡುತ್ತಾ ಕೂತ. ಅವಳು ಅವನನ್ನು ನೋಡುತ್ತಾ ಕೂತಳು. ನನಗೆ ಅರ್ಥವಾಯಿತು. ಆ ಕ್ಷಣ ನನಗಾದ ಸಂತೋಷಕ್ಕೆ ಎದ್ದು ಅಡಿಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ. ಮೊದಲು ನೆನಪಾದದ್ದು ನೀನು.

ಫೋನ್ ಕೈಯಲ್ಲಿತ್ತು. ಆದರೆ ಎಂತ ಹೇಳುವುದು? ನನ್ನ ಮಗನಿಗೆ ನಿನ್ನ ಮಗಳು ಬೇಕು ಎಂದು ಫೋನಿನಲ್ಲಿ ಹೇಳುವುದಾ? ಹೆಣ್ಣು ಕೇಳುವುದಕ್ಕೆ ಒಂದು ಕ್ರಮ ಉಂಟು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ನಡೆದು ಹೋಗಬೇಕು, ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಕೇಳಬೇಕು. ಅವನ ಅಪ್ಪ ಇದ್ದಿದ್ದರೆ ಆ ಕೆಲಸ ಅವರದು. ಅವರಿಲ್ಲ, ಆದ್ದರಿಂದ ನನ್ನದು. ನಮ್ಮ ಮನೆಯ ಮೆಟ್ಟಿಲು ಇಳಿದು, ತೋಡಿನ ಹಲಗೆ ದಾಟಿ, ನಿನ್ನ ಜಗಲಿ ಹತ್ತಿ, ಮೂವತ್ತು ವರ್ಷ ಕೂತ ಜಾಗದಲ್ಲಿ ಕೂರದೆ ನೆಂಟಳ ಹಾಗೆ ನಿಂತು ಕೇಳಬೇಕೆಂದು ನನಗೆ ಆಸೆಯಾಯಿತು. ನೀನು ನಗಾಡುವುದೂ, ಆಮೇಲೆ ಅಳುವುದೂ ಕಣ್ಣಿಗೆ ಕಟ್ಟಿತ್ತು. ಡಿಸೆಂಬರಿನಲ್ಲಿ ಹೊರಡುವುದೆಂದು ಇದ್ದೆನಲ್ಲ, ಒಂದು ತಿಂಗಳು ಬಾಯಿ ಕಟ್ಟಿಕೊಂಡರೆ ಆಯಿತು ಎಂದುಕೊಂಡೆ. ಮಕ್ಕಳಿಗೂ ಹೇಳಬೇಡಿ ಎಂದೆ. ಅಷ್ಟರಲ್ಲಿ ಕಾಲಿನ ಎಲುಬು ಕೂಡಲಿಲ್ಲ, ಮತ್ತೆ ಆಪರೇಷನ್ ಆಯಿತು, ನಾನು ಉಳಿದೆ. ಕ್ರಿಸ್ಮಸ್ ದಿನ ನಿನ್ನ ದನಿ ಕೇಳಿ ನಿನ್ನ ಮಗಳಿಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟಳು.

ನನ್ನ ಕೈಯಿಂದ ಜಾರಿಹೋಯಿತು. ಆ ಸಿಟ್ಟಿಗೇ ನಿನಗೆ ಹಾಗೆ ಹೇಳಿದ್ದು, ನೀನು ಬಂದರೂ ಬಾರದಿದ್ದರೂ ಎಂದು. ಅದು ಸುಳ್ಳು. ನೀನು ಬಾರದಿದ್ದರೆ ನನ್ನ ಮಗನ ಮದುವೆಯಲ್ಲಿ ನನಗೆ ಯಾರ ಪಕ್ಕ ಕೂರಬೇಕೆಂದೇ ಗೊತ್ತಾಗುವುದಿಲ್ಲ.

ಈಗಲೂ ಕೇಳುತ್ತೇನೆ. ಆದರೆ ಕಾಗದದಲ್ಲಿ ಅಲ್ಲ. ನೀನು ಇಲ್ಲಿಗೆ ಬಾ, ನಿನ್ನ ಎದುರು ನಿಂತು ಕೇಳುತ್ತೇನೆ.

ನಿನ್ನ
ಕುಶಲಾ

*

ಶಂಕರಪುರ
25 ಮಾರ್ಚ್ 2025

ಕುಶಲಾ,

ನಿನ್ನ ಪತ್ರ ಓದಿದೆ. ಮೂರು ಸಲ ಓದಿದೆ. ನಾಲ್ಕನೆಯ ಸಲ ಬೆಂಜಮಿನ್ ಕಿತ್ತುಕೊಂಡು ಓದಿದರು, ಕನ್ನಡಕ ಒರೆಸಿಕೊಂಡರು, ಧೂಳು ಎಂದರು.

ಹೋಗಲಿ, ಸಿಟ್ಟು ಮುಕ್ಕಾಲು ಹೋಯಿತು. ಆದರೆ ಹೊಸ ಕಷ್ಟ ತಂದಿಟ್ಟಿದ್ದೀ. ಕ್ರಮ ಎಂದು ಮಾತೆತ್ತಿದವಳು ನೀನೇ. ಹೆಣ್ಣಿನ ತಾಯಿ ಹನ್ನೆರಡು ಸಾವಿರ ಕಿಲೋಮೀಟರ್ ಹಾರಿ ಗಂಡಿನ ಮನೆಗೆ ಬಂದು, “ನನ್ನ ಮಗಳನ್ನು ಕೇಳು” ಎಂದು ನಿಲ್ಲುವುದು ಯಾವ ಕ್ರಮ? ಊರಿಗೆ ಗೊತ್ತಾದರೆ ನಗಾಡುತ್ತಾರೆ. ನೀನು ಬಂದು ಕೇಳಬೇಕು. ನೀನು ಈಗ ಆ ದೇಶ ಬಿಟ್ಟರೆ ಮದುವೆಗೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ, ಅದೂ ಗೊತ್ತು. ನಾನು ಬರುವಂತಿಲ್ಲ, ನೀನು ಬರುವಂತಿಲ್ಲ. ಈಗ ಎಂತ ಮಾಡುವುದು?

ಬೆಳ್ಮಣ್ಣಿನಿಂದ ತಂಗಿ ಮ್ಯಾಗ್ಡಲಿನ್ ಬಂದು ಗಿಡ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ. ಆದ್ದರಿಂದ ಗಿಡದ ನೆಪವೂ ನನಗೆ ಇಲ್ಲದಾಯಿತು. ನಾಯಿಗೆ ಮಾತ್ರ ಒಂದು ಉಪಾಯ ಕಂಡುಹಿಡಿದಿದ್ದೇನೆ. ಹೇಳುವುದಿಲ್ಲ, ನೀನೂ ಆರು ವಾರ ಕಾದು ನೋಡು ಹೇಗಾಗುತ್ತದೆಂದು.

ಸೆಲೀನ್

*

ಆಕ್ಲೆಂಡ್
14 ಏಪ್ರಿಲ್ 2025

ಪ್ರೀತಿಯ ಸೆಲೀನ್,

ಇದನ್ನು ಅಂಚೆಗೆ ಹಾಕಿದರೆ ಬೆಂಜಮಿನ್ ಹೊರಡುವ ಹೊತ್ತಿಗೆ ತಲಪುತ್ತದೆ. ಆದ್ದರಿಂದ ಫೋಟೋ ತೆಗೆದು ಬೆಂಜಮಿನ್‌ರ ಫೋನಿಗೆ ಹಾಕಿಸುತ್ತಿದ್ದೇನೆ. ಅವರು ಓದಿ ಹೇಳುವುದು ಬೇಡ, ಫೋನ್ ನಿನ್ನ ಕೈಗೆ ಕೊಡಲಿ.

ಉಪಾಯ ಹೇಳಿದ್ದು ಕ್ಯಾರೆನ್. ನಿನ್ನ ಮಗಳು ನಿನಗಿಂತ ಜೋರು. ನಾನು ನಿನ್ನ ಪತ್ರ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಹೇಳಿದಳು, “ಕುಶಲಕ್ಕ, ನಾನಿರುವ ಮನೆಗೆ ಬಾಡಿಗೆ ಕೊಡುವುದು ನಾನು. ಅದು ಅಮ್ಮನ ಮನೆಯೇ ಅಲ್ವಾ?”

ಹೌದಲ್ಲ! ಹೆಣ್ಣಿನ ಮನೆ ಎಂದರೆ ಹೆಣ್ಣು ಇರುವ ಮನೆ. ನೀನು ಬಂದು ಅಲ್ಲಿ ಇಳಿ. ನಿನ್ನ ಪೆಟ್ಟಿಗೆ ಅಲ್ಲಿ ಇಡು, ಗೋಡೆಗೆ ನಿನ್ನ ಏಸುವಿನ ಚಿತ್ರ ತೂಗುಹಾಕು, ಒಲೆ ಹಚ್ಚಿ ಒಂದು ಚಹಾ ಮಾಡು. ಅಷ್ಟಾದ ಮೇಲೆ ಅದು ಶಂಕರಪುರವಲ್ಲ ಎಂದು ಯಾರು ಹೇಳುತ್ತಾರೆ? ಮರುದಿನ ಸಂಜೆ ನಾಲ್ಕಕ್ಕೆ ನಾನು ಗಂಡಿನ ಮನೆಯಿಂದ ಹರಿವಾಣ ಹಿಡಿದು ಹೊರಡುತ್ತೇನೆ. ಬಸ್ಸಿನಲ್ಲಿ ಹತ್ತು ನಿಮಿಷ. ಹೆಣ್ಣು ಕೊಡುವುದು ಬಿಡುವುದು ನಿನ್ನ ಇಷ್ಟ.

ಈಗ ಹೇಳು, ಯಾರು ಯಾರ ಮನೆಗೆ ಬಂದ ಹಾಗಾಯಿತು?

ನಿನ್ನ
ಕುಶಲಾ

*

ವಿಮಾನದಲ್ಲಿ, ಸಿಂಗಾಪುರ ಬಿಟ್ಟ ಮೇಲೆ
7 ಮೇ 2025

ಕುಶಲಾ,

ಫೋನಿನಲ್ಲಿ ಬಂದ ನಿನ್ನ ಪತ್ರಕ್ಕೆ ಬೆಂಜಮಿನ್ ಕೈಯಲ್ಲಿ ‘ಸರಿ’ ಎಂದು ಮಾತ್ರ ಬರೆಸಿದ್ದೆ. ಬಾಕಿ ಉತ್ತರ ಇದು. ಇದಕ್ಕೆ ಅಂಚೆಚೀಟಿ ಬೇಡ, ಇಳಿದ ಕೂಡಲೆ ನಾನೇ ಕೊಡುತ್ತೇನೆ. ಈಗ ಎಷ್ಟು ಗಂಟೆ ಎಂದು ಕೇಳಬೇಡ. ಎದುರಿನ ಪರದೆಯಲ್ಲಿ ಒಂದು, ಬೆಂಜಮಿನ್‌ರ ಕೈಯಲ್ಲಿ ಒಂದು, ನನ್ನ ಹೊಟ್ಟೆಯಲ್ಲಿ ಇನ್ನೊಂದು.

ವಿಮಾನಕ್ಕೆ ಹೆದರಿದೆನಾ ಎಂದರೆ, ಹೆದರಿದೆ. ಬಜ್ಪೆಯಲ್ಲಿ ಅದು ಗುಡ್ಡದ ತುದಿಯಲ್ಲಿ ಓಡಿ ಹಾರಿದಾಗ ಬೆಂಜಮಿನ್‌ರ ಕೈ ಹಿಡಿದೆ. ನಮಗೆ ಮದುವೆಯಾಗಿ ಮೂವತ್ತಮೂರು ವರ್ಷ, ನಾಲ್ಕು ಜನರ ಎದುರು ಕೈ ಹಿಡಿದದ್ದು ಇದೇ ಮೊದಲು. ಬಿಡಲು ಅವರು ಒಪ್ಪಲಿಲ್ಲ.

ಇನ್ನು ಹೂವಿನ ಕಥೆ. ಮಂಗಳವಾರ ಬೆಳಿಗ್ಗೆ ಕೊಯ್ದ ಒಂದು ಚೆಂಡು ಮುಡಿದುಕೊಂಡೇ ಹೊರಟೆ. ಬೆಂಗಳೂರಿನಲ್ಲಿ ಮೊಗ್ಗು ಬಾಯಿ ಬಿಡಲು ಸುರುಮಾಡಿತು, ಸಿಂಗಾಪುರಕ್ಕೆ ಬರುವಾಗ ಪೂರ್ತಿ ಅರಳಿತ್ತು. ಹಿಂದಿನ ಸೀಟಿನವರು ಎದ್ದು ನಿಂತು ಎಲ್ಲಿಂದ ವಾಸನೆ ಎಂದು ಹುಡುಕಿದರು. ನಾನು ಕಿಟಕಿಯ ಹೊರಗೆ ನೋಡುತ್ತಾ ದೊಡ್ಡ ಜನದ ಹಾಗೆ ಕೂತಿದ್ದೆ.

ಸಿಂಗಾಪುರದಲ್ಲಿ ತೆಗೆದುಬಿಟ್ಟೆ. ನಿನ್ನ ನಾಯಿಗೆ ಕೊಡುವುದಕ್ಕಿಂತ ಮನುಷ್ಯರಿಗೆ ಕೊಡುವುದು ಒಳ್ಳೆಯದು. ಅಲ್ಲಿ ನೆಲ ಒರೆಸುತ್ತಿದ್ದ ಒಬ್ಬಳು ತಮಿಳು ಹೆಂಗಸು ಮೂಗೆತ್ತಿ ನಿಂತಿದ್ದಳು. ಕೈಗೆ ಕೊಟ್ಟೆ. ಅವಳು ತಮಿಳಿನಲ್ಲಿ ಎಂತದೋ ಹೇಳಿದಳು, ನಾನು ತುಳುವಿನಲ್ಲಿ ಎಂತದೋ ಹೇಳಿದೆ. ಅವಳು ಅಲ್ಲೇ ಕನ್ನಡಿಯ ಎದುರು ನಿಂತು ಮುಡಿದುಕೊಂಡಳು. ಅದು ಮೂವತ್ತೊಂದು ಗಂಟೆಯೂ ಅಲ್ಲ, ಅರ್ಧ ದಾರಿಯೂ ಅಲ್ಲ, ಆದರೂ ನನಗೆ ಬಹಳ ಸಂತೋಷವಾಯಿತು.

ಈಗ ನನ್ನ ಉಪಾಯ. ನನ್ನ ಮದುವೆಯ ಕೆಂಪು ಸೀರೆಯನ್ನು ಕ್ಯಾರೆನ್‌ಗೆ ತರುತ್ತಿದ್ದೇನೆ. ಒಂದು ತಿಂಗಳಿಂದ ದಿನಾ ಸಂಜೆ ಪೆಟ್ಟಿಗೆಯಲ್ಲಿ ಅದರ ಮಡಿಕೆ ಮಡಿಕೆಯ ನಡುವೆ ತೆಳುವಾದ ಬಟ್ಟೆ ಹಾಸಿ ಮಲ್ಲಿಗೆ ಇಟ್ಟೆ, ಬೆಳಿಗ್ಗೆ ಬಾಡಿದ್ದನ್ನು ತೆಗೆದೆ. ಹೊರಡುವ ಮೊದಲು ಒಂದು ಎಸಳೂ ಉಳಿಯದಂತೆ ಕೊಡವಿದ್ದೇನೆ. ಹೂವಿಗೆ ವೀಸಾ ಕೊಡದವರು ವಾಸನೆಗೆ ಎಂತ ಮಾಡುತ್ತಾರೆ, ನೋಡುವ.

ನಾಡಿದ್ದು ಅಲ್ಲ, ನಾಳೆ ನಾಲ್ಕು ಗಂಟೆ. ತಡಮಾಡಬೇಡ.

ಹೆಣ್ಣಿನ ತಾಯಿ
ಸೆಲೀನ್

*

ಆಕ್ಲೆಂಡ್
27 ಮೇ 2025

ಪ್ರೀತಿಯ ಸೆಲೀನ್,

ನೀವು ಹೋಗಿ ನಾಲ್ಕು ದಿನವಾಯಿತು. ಮನೆ ದೊಡ್ಡದಾಗಿದೆ. ಫೋನ್ ಮಾಡೋಣವೆಂದು ತೆಗೆದು ಇಟ್ಟೆ. ನಾವು ಜಗಳವಾಡದೆ ಹದಿನೈದು ದಿನ ಕಳೆದವರು, ಆ ದಾಖಲೆಯನ್ನು ಫೋನಿನಲ್ಲಿ ಹಾಳುಮಾಡುವುದು ಬೇಡ. ಸೌತೆಕಾಯಿ ಹುಳಿಗೆ ಬೆಲ್ಲ ಹಾಕುವ ವಿಷಯದಲ್ಲಿ ನಡೆದದ್ದು ಜಗಳವಲ್ಲ, ಚರ್ಚೆ.

ನಾಯಿಯ ಕಥೆ ನೀನು ಹೇಳಿದ್ದಕ್ಕಿಂತ ಬೆಂಜಮಿನ್ ಹೇಳಿದ್ದು ಚೆಂದ. ನೀನು, “ಎಂತ ಇಲ್ಲ, ಪೆಟ್ಟಿಗೆ ತೆಗೆದು ನೋಡಿದರು” ಎಂದು ಮುಗಿಸಿದೆ. ಅವರು ಹೇಳಿದ್ದು ಹೀಗೆ: ನಾಯಿ ದೂರದಿಂದಲೇ ಓಡಿ ಬಂದು ನಿನ್ನ ಪೆಟ್ಟಿಗೆಯ ಎದುರು ಕೂತಿತಂತೆ. ಆಫೀಸರು ಪೆಟ್ಟಿಗೆ ತೆರೆದಳಂತೆ. ಸೀರೆ ಬಿಡಿಸಿದಳು, ಕೊಡವಿದಳು, ಇನ್ನೊಬ್ಬಳನ್ನು ಕರೆದಳು. ಎಲೆ ಇಲ್ಲ, ಹೂವಿಲ್ಲ, ಎಸಳಿಲ್ಲ. ನಾಯಿ ಮಾತ್ರ ಏಳುವುದಿಲ್ಲ. ಕೊನೆಗೆ ಅವಳೇ ಸೀರೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳಂತೆ. ನೀನು ಆಗ ಇಂಗ್ಲಿಷಿನಲ್ಲಿ, “ಮೈ ಡಾಟರ್, ಮ್ಯಾರೇಜ್” ಎಂದೆಯಂತೆ. ಅವಳೇ ಮಡಚಿ ಕೊಟ್ಟಳಂತೆ. ಬೆಂಜಮಿನ್ ಹೇಳುತ್ತಾರೆ, ನೀನು ಹೊರಡುವಾಗ ನಾಯಿಯ ತಲೆ ಸವರಿ ಬಂದೆ ಎಂದು. ಅದನ್ನು ನನ್ನಿಂದ ಮುಚ್ಚಿಟ್ಟದ್ದು ಯಾಕೆ?

ನೀನು ಬಾಗಿಲು ತೆರೆದಾಗ ನಿನ್ನ ಮುಖ ನಿನಗೆ ಕಾಣಲಿಲ್ಲವಲ್ಲ, ಅದಕ್ಕೇ ಇದನ್ನು ಬರೆಯುತ್ತಿರುವುದು. ಹತ್ತು ನಿಮಿಷದ ದಾರಿಗೆ ನನಗೆ ಒಂದೂವರೆ ಗಂಟೆ ಹಿಡಿದದ್ದು ನಿಜ. ವೀಳ್ಯದೆಲೆ ಹುಡುಕಿ ಮೂರು ಅಂಗಡಿ ಸುತ್ತಿದೆ. ಕೊನೆಗೆ ಫಿಜಿಯವರ ಅಂಗಡಿಯಲ್ಲಿ ಫ್ರೀಜರಿನಿಂದ ತೆಗೆದುಕೊಟ್ಟರು, ಐದು ಎಲೆ, ಕಲ್ಲಿನ ಹಾಗೆ ಗಟ್ಟಿ. ಬಸ್ಸಿನಲ್ಲಿ ಅದು ಕರಗುತ್ತದೋ ಎಂದು ನೋಡುತ್ತಾ ಕೂತು ಇಳಿಯುವ ಜಾಗ ತಪ್ಪಿತು. ಹನ್ನೆರಡು ಸಾವಿರ ಕಿಲೋಮೀಟರ್ ಹಾರಿ ನೀನು ಹೊತ್ತಿಗೆ ಸರಿಯಾಗಿ ಬಂದಿದ್ದೆ, ತಡವಾದದ್ದು ನಾನು.

ನೀನು ಬಾಗಿಲು ತೆರೆದೆ. ಮದುವೆಗೆ ಉಡಲೆಂದು ತಂದ ನಿನ್ನ ಸೀರೆ ಉಟ್ಟಿದ್ದೆ. ಒಳಗೆ ಬಾ ಎನ್ನಲಿಲ್ಲ. ಗಂಟಲು ಸರಿಮಾಡಿಕೊಂಡು, “ಯಾರು ಬೇಕಿತ್ತು?” ಎಂದೆ.

ನನಗೂ ಬಿಗುಮಾನ ಬಂತು. “ಇಲ್ಲಿ ಒಂದು ಹುಡುಗಿ ಉಂಟಂತೆ. ಕೇಳಿ ಹೋಗುವ ಅಂತ ಬಂದದ್ದು.”

“ಹುಡುಗ ಎಂತ ಮಾಡುವುದು?”

“ಕಾಲು ಮುರಿದುಕೊಳ್ಳುವುದು.”

“ಮನೆಯವರು ಹೇಗೆ? ವಿಷಯ ಮುಚ್ಚಿಡುವವರಾ?”

“ಒಂದು ಸಲ ಮುಚ್ಚಿಟ್ಟದ್ದುಂಟು. ಇನ್ನು ಇಲ್ಲ.”

ಆಮೇಲೆ ನೀನು ಹೇಳಿದ್ದೆಂತ ನೆನಪುಂಟಾ? “ಯೋಚಿಸಿ ಹೇಳುತ್ತೇವೆ.” ಒಳಗಿನಿಂದ ಬೆಂಜಮಿನ್, “ಸೆಲೀನ್, ನಾಡಿದ್ದು ಮದುವೆ ಮಾರಾಯ್ತಿ!” ಎಂದು ಕೂಗಿದರು. ಅದಕ್ಕೇ ನೀನು ನಕ್ಕದ್ದು. ನಗಾಡುತ್ತಾ ನಗಾಡುತ್ತಾ ಒದ್ದೆ ಎಲೆಯೊಂದನ್ನು ಹರಿವಾಣದಿಂದ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅಷ್ಟರಲ್ಲಿ ನಿನಗೆ ಅಳು ಬಂತು. ನಾನು ನವೆಂಬರಿನಲ್ಲಿ ನಲ್ಲಿಯ ಎದುರು ನಿಂತು ಕಂಡದ್ದು ಇದೇ ಮುಖ. ಜಗಲಿ ಮಾತ್ರ ಬೇರೆ.

ಧಾರೆಯ ಹೊತ್ತಿಗೆ ಕ್ಯಾರೆನ್ ಮುಡಿದದ್ದು ಹೆಸರಿಲ್ಲದ ಯಾವುದೋ ಬಿಳಿ ಹೂವು. ಪಕ್ಕದ ಮನೆಯವರ ಬಾಳೆಗಿಡದಿಂದ ನಾರು ತೆಗೆದು ನಾವಿಬ್ಬರೂ ಕೂತು ಕಟ್ಟಿದ್ದು. ಆ ಹೂವಿಗೆ ವಾಸನೆಯೇ ಇರಲಿಲ್ಲ. ಆದರೂ ಬಂದವರೆಲ್ಲ ಮದುಮಗಳ ಹತ್ತಿರ ಬಂದು ಹೂವಿನ ಹೆಸರು ಕೇಳಿದರು. ವಾಸನೆ ಸೀರೆಯದು ಎಂದು ನಾವು ಯಾರಿಗೂ ಹೇಳಲಿಲ್ಲ.

ಕೀರ್ತನ್ ಈಗ ಊರುಗೋಲು ಬಿಟ್ಟಿದ್ದಾನೆ. ಕ್ಯಾರೆನ್ ನನ್ನನ್ನು ಇನ್ನೂ ಕುಶಲಕ್ಕ ಎಂದೇ ಕರೆಯುತ್ತಾಳೆ, ಅತ್ತೆ ಎನ್ನು ಎಂದರೆ ನಾಚುತ್ತಾಳೆ. ಜೂನ್ ಹದಿನೇಳಕ್ಕೆ ನನ್ನ ಟಿಕೆಟು. ಬರುವ ದಾರಿ ಎಷ್ಟು ಗಂಟೆಯೆಂದು ನಾನು ಲೆಕ್ಕಹಾಕುವುದಿಲ್ಲ. ಅದನ್ನು ನಿನಗೇ ಬಿಟ್ಟಿದ್ದೇನೆ.

ನಿನ್ನ ಬೀಗಿತ್ತಿ
ಕುಶಲಾ

*

ಶಂಕರಪುರ
9 ಜೂನ್ 2025

ಪ್ರೀತಿಯ ಕುಶಲಾ,

ಇದನ್ನೂ ಬೆಂಜಮಿನ್‌ರ ಫೋನಿನಲ್ಲಿ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಹಾಕಿದರೆ ನೀನು ಇತ್ತ ಬರುವಾಗ ಇದು ಅತ್ತ ಹೋಗುತ್ತದೆ, ದಾರಿಯಲ್ಲಿ ಎದುರುಬದುರಾದರೆ ನಿಮಗಿಬ್ಬರಿಗೂ ಮುಜುಗರ.

ಮಳೆ ಹಿಡಿದಿದೆ. ಮೊಗ್ಗು ಕಡಿಮೆ, ಮ್ಯಾಗ್ಡಲಿನ್ ಬೆಳ್ಮಣ್ಣಿಗೆ ಹೋದಳು. ನಿನ್ನ ಮನೆಯ ಕಿಟಕಿ ಬಾಗಿಲು ತೆರೆದು ಗಾಳಿಯಾಡಿಸಿದ್ದೇನೆ. ತೋಡಿನ ಹಲಗೆ ಕೊಳೆತಿತ್ತು, ಬೆಂಜಮಿನ್ ಹೊಸದು ಹಾಕಿದರು. ಗಂಡಿನ ತಾಯಿ ನಡೆದು ಬರುವ ದಾರಿ, ಗಟ್ಟಿ ಇರಬೇಕು ಎನ್ನುತ್ತಾರೆ. ಆ ಗತ್ತನ್ನು ಮಾತ್ರ ಬಜ್ಪೆಯಲ್ಲೇ ಇಳಿಸಿ ಬಾ.

ಲೆಕ್ಕ ನೋಡಿದೆ. ಬರುವಾಗ ಗಡಿಯಾರ ಹಿಂದೆ ಹೋಗುತ್ತದೆ. ಹೋಗುವಾಗ ನಿನ್ನ ಕೈಯಿಂದ ತೆಗೆದುಕೊಂಡದ್ದರಲ್ಲಿ ಆರೂವರೆ ಗಂಟೆಯನ್ನು ಅವರು ವಾಪಸು ಕೊಡುತ್ತಾರೆ. ಅದನ್ನು ನಿದ್ದೆಗೆ ಕೊಡಬೇಡ, ನೆಂಟರಿಗೂ ಕೊಡಬೇಡ. ಕಂಬದ ಬದಿಯಿಂದ ಬುಟ್ಟಿ ತೆಗೆದಿದ್ದೇನೆ, ಬಾಳೆನಾರು ನೆನೆಸಿಟ್ಟಿದ್ದೇನೆ. ಅಕ್ಟೋಬರಿನಿಂದ ಊರಿನಲ್ಲಿ ಎಷ್ಟು ಬೆಕ್ಕು ಮರಿ ಹಾಕಿದೆ ಎಂದು ನಿನಗೆ ಹೇಳಲು ನನಗೆ ಅಷ್ಟು ಹೊತ್ತು ಬೇಕು.

ನಿನ್ನ
ಸೆಲೀನ್